ಹಳೇ ಸೊಂಟನೋವಿಗೆ ಯೋಗ, ವಿಪಸ್ಸನ, ಎಂಬಿಎಸ್‌ಆರ್, ಪೇನ್ ರೀಪ್ರೊಸೆಸಿಂಗ್: ನಾಲ್ಕನ್ನೂ ಮಾಡಿ ನೋಡಿದ ಮೇಲೆ

ಯೋಗ, ವಿಪಸ್ಸನ ಧ್ಯಾನ, ಎಂಬಿಎಸ್‌ಆರ್ (ಮೈಂಡ್‌ಫುಲ್‌ನೆಸ್, ಅಂದರೆ ಮೈಮನಸ್ಸನ್ನು ಗಮನವಿಟ್ಟು ನೋಡುವುದರ ಮೂಲಕ ಒತ್ತಡ ಇಳಿಸುವ ತರಬೇತಿ), ಪೇನ್ ರೀಪ್ರೊಸೆಸಿಂಗ್ (ನೋವಿನ ಹೆದರಿಕೆ ಬಿಡಿಸುವ ಚಿಕಿತ್ಸೆ): ಹಳೇ ಸೊಂಟನೋವಿಗೆ ಈ ನಾಲ್ಕರಲ್ಲಿ ಯಾವುದು ಒಳ್ಳೇದು ಅಂತ ಕೇಳುವವರಿಗೆ ನಾನು ತಿರುಗಿ ಒಂದು ಪ್ರಶ್ನೆ ಹಾಕುತ್ತೇನೆ. ಮಧ್ಯಾಹ್ನ ಮೂರು ಗಂಟೆ, ಕೌಂಟರ್ ಮುಂದೆ ಜನ ನಿಂತಿದ್ದಾರೆ, ಸೊಂಟ ಹಿಡಿದುಕೊಳ್ಳಲು ಶುರುವಾಯಿತು. ಆ ಹೊತ್ತಿಗೆ ಈ ಪದ್ಧತಿ ನಿಮಗೆ ಏನು ಮಾಡು ಅನ್ನುತ್ತದೆ? ಹೊರಗಿನಿಂದ ನೋಡಿದರೆ ನಾಲ್ಕೂ ಕಣ್ಣು ಮುಚ್ಚಿ ಉಸಿರು ನೋಡುವ ಕೆಲಸವೇ. ಆದರೆ ಒಂದು ಮೈ ಸಡಿಲ ಬಿಡು ಅನ್ನುತ್ತದೆ, ಒಂದು ಅಲುಗಾಡದೆ ನೋಡು ಅನ್ನುತ್ತದೆ, ಒಂದು ನೋವಿನ ಜೊತೆಗೇ ಬದುಕುವುದನ್ನು ಕಲಿ ಅನ್ನುತ್ತದೆ, ಇನ್ನೊಂದು ಇದು ಹೋಗಬಹುದು, ಹೆದರಬೇಡ ಅನ್ನುತ್ತದೆ. ಈ ವ್ಯತ್ಯಾಸ ಗೊತ್ತಾದರೆ ಆರಿಸುವುದು ಅರ್ಧ ಮುಗಿದ ಹಾಗೆ.

ನನ್ನದು ಬ್ಯಾಂಕ್ ಕೆಲಸ, ದಿನವಿಡೀ ಕುರ್ಚಿ. ಎಂಆರ್‌ಐ ರಿಪೋರ್ಟಿನಲ್ಲಿ ಎಲ್4-ಎಲ್5 ಡಿಸ್ಕ್, ಅಂದರೆ ಸೊಂಟದ ಹತ್ತಿರ ಬೆನ್ನುಮೂಳೆಗಳ ನಡುವಿನ ಮೆತ್ತೆ, ಉಬ್ಬಿದೆ ಅಂತ ಬಂತು. ಆಪರೇಷನ್ ಬೇಡ, ಫಿಸಿಯೋಥೆರಪಿ ಸಾಕು ಅಂದರು ಡಾಕ್ಟರ್. ಮಾಡಿಸಿದೆ, ಸ್ವಲ್ಪ ಇಳಿಯಿತು, ಮತ್ತೆ ಬಂತು. ಮೂರು ತಿಂಗಳು ದಾಟಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಅನ್ನುತ್ತಾರೆ, ನನ್ನದು ಅದನ್ನೆಲ್ಲ ಯಾವಾಗಲೋ ದಾಟಿತ್ತು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕಾಲಿನ ಬಲ ಕಡಿಮೆ ಆಗುತ್ತಿದ್ದರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ, ಜ್ವರ ಇದ್ದರೆ, ಸುಮ್ಮಸುಮ್ಮನೆ ತೂಕ ಇಳಿಯುತ್ತಿದ್ದರೆ ಇದನ್ನೆಲ್ಲ ಓದುತ್ತಾ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಮೊದಲು ಯೋಗ, ಯಾಕೆಂದರೆ ನಮ್ಮ ಕಡೆ ಅದು ಬೀದಿಗೊಂದು ಸಿಗುತ್ತದೆ. ಇದಕ್ಕೆ ಆಧಾರವೂ ಇದೆ. ಬೆಂಗಳೂರಿನ ಜಿಗಣಿ ಹತ್ತಿರದ ಪ್ರಶಾಂತಿ ಕುಟೀರದಲ್ಲಿ 80 ಜನ ಸೊಂಟನೋವಿನವರನ್ನು ಒಂದು ವಾರ ಇರಿಸಿಕೊಂಡು, ಅರ್ಧ ಜನಕ್ಕೆ ಯೋಗ, ಅರ್ಧ ಜನಕ್ಕೆ ಬರೀ ವ್ಯಾಯಾಮ ಮಾಡಿಸಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಯೋಗದವರಿಗೆ ಓಡಾಟ, ಬಗ್ಗುವುದು ಹೆಚ್ಚು ಸುಲಭವಾಗಿತ್ತು. ನಾನು ಹೋದದ್ದು ಅಲ್ಲಿಗಲ್ಲ, ಮನೆ ಹತ್ತಿರದ ಕ್ಲಾಸಿಗೆ. ಭುಜಂಗಾಸನ, ಸೇತುಬಂಧಾಸನ, ಮಕರಾಸನ. ಬೆಳಿಗ್ಗೆ ಎದ್ದಾಗಿನ ಬಿಗಿತ ನಿಜವಾಗಿಯೂ ಕಡಿಮೆಯಾಯಿತು. ಕೊನೆಗೆ ಮಾಡಿಸುತ್ತಿದ್ದ ಯೋಗನಿದ್ರೆಯಂತೂ ನನಗೆ ಎಲ್ಲಕ್ಕಿಂತ ಇಷ್ಟ. ಶವಾಸನದಲ್ಲಿ ಮಲಗಿರುತ್ತೀರಿ, ಬಲಗೈ ಹೆಬ್ಬೆರಳು, ತೋರುಬೆರಳು, ನಡುಬೆರಳು ಅಂತ ಒಂದೊಂದೇ ಹೆಸರು ಹೇಳುತ್ತಾ ಹೋಗುತ್ತಾರೆ, ಗಮನ ಅಲ್ಲಿಗೆ ಹೋಗಿ ಬರಬೇಕು, ಎಡಗಾಲಿನ ಬೆರಳಿಗೆ ಬರುವಷ್ಟರಲ್ಲಿ ಅರ್ಧ ಕ್ಲಾಸು ಗೊರಕೆ ಹೊಡೆಯುತ್ತಿರುತ್ತದೆ.

ತೊಂದರೆ ಆಗಿದ್ದು ಒಂದೇ ಮಾತಿನಿಂದ. "ಡಿಸ್ಕ್ ಪ್ರಾಬ್ಲಂ ಇದೆಯಾ? ಹಾಗಿದ್ರೆ ಮುಂದಕ್ಕೆ ಬಗ್ಗಲೇಬೇಡಿ." ಸ್ವಲ್ಪ ದಿನಕ್ಕೆ ಅಂತ ಹೇಳಿದ್ದರೆ ಸರಿಯೇನೋ. ಯಾವಾಗಿನವರೆಗೆ ಅಂತ ಹೇಳಲೇ ಇಲ್ಲ. ನಾನು ಬಗ್ಗುವುದನ್ನೇ ಬಿಟ್ಟೆ, ಬಾಗಿಲ ಮುಂದೆ ರಂಗೋಲಿ ಹಾಕುವುದು ನಮ್ಮತ್ತೆಯ ಪಾಲಿಗೆ ಹೋಯಿತು, ನೀರಿನ ಕ್ಯಾನ್ ಕಂಡರೆ ದೂರ ನಿಲ್ಲುತ್ತಿದ್ದೆ. ಮೈ ಹಗುರಾಯಿತು, ಹೆದರಿಕೆ ಗಟ್ಟಿಯಾಯಿತು.

ವಿಪಸ್ಸನಕ್ಕೆ ಹೋದದ್ದು ಬೆಂಗಳೂರಿನ ತುಮಕೂರು ರಸ್ತೆಯ ಆಲೂರಿನ ಹತ್ತಿರ ಇರುವ ಧಮ್ಮ ಪಫುಲ್ಲ ಕೇಂದ್ರಕ್ಕೆ. ಹತ್ತು ದಿನದ ಶಿಬಿರ, ಬೆಳಿಗ್ಗೆ ನಾಲ್ಕಕ್ಕೆ ಗಂಟೆ, ಮಾತಿಲ್ಲ, ಫೋನಿಲ್ಲ, ಹೊಸಬರಿಗೆ ಸಂಜೆ ಹಣ್ಣು ಮತ್ತು ಟೀ ಮಾತ್ರ. ಫೀಸು ಅಂತ ಏನೂ ಇಲ್ಲ, ಮುಗಿಸಿದ ಮೇಲೆ ಮನಸ್ಸಿದ್ದರೆ ದಾನ ಕೊಡಬಹುದು. ಇಂದು ಜನಕ್ಕೆ ಗೊತ್ತಿರುವ ಈ ಶಿಬಿರಗಳ ಹಿಂದಿರುವ ಎಸ್.ಎನ್. ಗೋಯೆಂಕಾ ಅವರೇ ನೋವಿನಿಂದ ಈ ದಾರಿಗೆ ಬಂದವರು. ಬರ್ಮಾದಲ್ಲಿ ವ್ಯಾಪಾರ ಮಾಡಿಕೊಂಡಿದ್ದ ಅವರಿಗೆ ಭಯಂಕರ ಮೈಗ್ರೇನ್, ಮಾರ್ಫಿನ್ ಇಂಜೆಕ್ಷನ್ ತೆಗೆದುಕೊಳ್ಳುವ ಮಟ್ಟಕ್ಕೆ ಹೋಗಿತ್ತು. 1955ರಲ್ಲಿ ಅಲ್ಲಿನ ವಿಪಸ್ಸನ ಗುರು ಸಯಾಜಿ ಊ ಬಾ ಖಿನ್ ಅವರ ಹತ್ತಿರ ಹೋದರೆ, ತಲೆನೋವು ವಾಸಿ ಮಾಡಿಸಿಕೊಳ್ಳಲು ಬಂದಿದ್ದರೆ ಇದು ನಿಮಗಲ್ಲ ಅಂತ ಮೊದಲು ಸೇರಿಸಿಕೊಳ್ಳಲೇ ಇಲ್ಲವಂತೆ!

ನೋವು ಹೋಗಲಿ ಅಂತಲೇ ಹೋಗುವವರು ಈ ಕಥೆಯನ್ನು ನೆನಪಿಟ್ಟುಕೊಂಡು ಹೋಗಬೇಕು. ಮೊದಲು ಕೆಲವು ದಿನ ಬರೀ ಮೂಗಿನ ಹತ್ತಿರದ ಉಸಿರು. ಆಮೇಲೆ ತಲೆಯಿಂದ ಕಾಲಿನವರೆಗೆ ಮೈಯೆಲ್ಲ ನೋಡುವುದು. ಅದರ ಜೊತೆಗೆ ಅಧಿಷ್ಠಾನ ಶುರುವಾಗುತ್ತದೆ, ಅಂದರೆ ಒಂದು ಗಂಟೆ ಕಾಲು ಕೈ ಬದಲಿಸದೆ ಕೂರುವುದು. ಕುರ್ಚಿ ಕೇಳಿದರೆ ಕೊಡುತ್ತಾರೆ, ಕೇಳಿ, ನಾಚಿಕೆ ಬೇಡ. ನನಗೆ ಮೊದಲ ಅಧಿಷ್ಠಾನ ನರಕ. ಆದರೆ ಆಮೇಲೊಂದು ದಿನ, ಒಂದೇ ಗಟ್ಟಿ ಕಲ್ಲು ಅಂದುಕೊಂಡಿದ್ದ ನೋವು ಬೇರೆ ಬೇರೆಯಾಗಿ ಕಂಡಿತು: ಇಲ್ಲಿ ಬಿಸಿ, ಅಲ್ಲಿ ಜುಮ್ಮೆನ್ನುವುದು, ಪಕ್ಕದಲ್ಲಿ ಬಿಗಿ, ಎರಡು ನಿಮಿಷಕ್ಕೆ ಅದೂ ಜಾಗ ಬದಲಿಸಿತು. ನೋವು ಕೂಡ ಬದಲಾಗುತ್ತದೆ ಅಂತ ಮೈಯೇ ತೋರಿಸಿಕೊಟ್ಟ ಮೇಲೆ ಅದನ್ನು ಮರೆಯುವುದು ಕಷ್ಟ. ಮನೆಗೆ ಬಂದ ಮೇಲೆ ನೋವು ಕಡಿಮೆ ಆಯಿತಾ? ಅಷ್ಟೇನಿಲ್ಲ. ದಿನಕ್ಕೆರಡು ಗಂಟೆ ಕೂರಿ ಅನ್ನುತ್ತಾರೆ, ಕೆಲಸ, ಅಡುಗೆ, ಮಕ್ಕಳ ಹೋಂವರ್ಕ್ ಇರುವ ಮನೆಯಲ್ಲಿ ಅದು ಆಗದ ಮಾತು. ಮನಸ್ಸು ತುಂಬಾ ಕುಗ್ಗಿರುವವರು, ಆತಂಕದ ದಾಳಿ ಬರುವವರು ಡಾಕ್ಟರನ್ನು ಕೇಳದೆ ಇಷ್ಟು ಕಠಿಣ ಶಿಬಿರಕ್ಕೆ ಹೋಗಬಾರದು ಅಂತ ನನ್ನ ಅಭಿಪ್ರಾಯ.

ಎಂಬಿಎಸ್‌ಆರ್ ಇದಕ್ಕೆ ದೂರದ ನೆಂಟ. ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚುಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಶುರು ಮಾಡಿದ್ದು, ಔಷಧಿಗೆ ಬಗ್ಗದ ನೋವಿನವರನ್ನೂ ಸೇರಿಸಿಕೊಂಡು. ಎಂಟು ವಾರ, ವಾರಕ್ಕೊಂದು ಕ್ಲಾಸು, ಮನೆಯಲ್ಲಿ ದಿನಾ ಮುಕ್ಕಾಲು ಗಂಟೆ. ದೇವರಿಲ್ಲ, ಪಂಚಶೀಲದಂಥ ವ್ರತವಿಲ್ಲ, ಉಪವಾಸವಿಲ್ಲ. ನೋವು ಬಂದರೆ ಕೂತ ಭಂಗಿ ಬದಲಿಸಬಹುದು, ಬದಲಿಸುವಾಗ ಗಮನವಿಟ್ಟು ಬದಲಿಸಿ ಅಂತಾರೆ, ಅಷ್ಟೇ. 2016ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ 342 ಜನ ಸೊಂಟನೋವಿನವರಿದ್ದರು. ಆರು ತಿಂಗಳ ಹೊತ್ತಿಗೆ ಎಂಬಿಎಸ್‌ಆರ್ ಮಾಡಿದವರಲ್ಲಿ ಸುಮಾರು 60 ಶೇಕಡಾ ಜನರ ಓಡಾಟ ಹೇಳಿಕೊಳ್ಳುವಷ್ಟು ಸುಧಾರಿಸಿತ್ತು, ಮಾಮೂಲಿ ಚಿಕಿತ್ಸೆಯಲ್ಲೇ ಇದ್ದವರಲ್ಲಿ 44. ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಪಡೆದವರದ್ದೂ ಹೆಚ್ಚುಕಡಿಮೆ ಎಂಬಿಎಸ್‌ಆರ್‌ನಷ್ಟೇ ಆಗಿತ್ತು. ಪಲೌಸ್ ಮೈಂಡ್‌ಫುಲ್‌ನೆಸ್ ಅಂತ ಆನ್‌ಲೈನ್‌ನಲ್ಲಿ ಪೂರ್ತಿ ಕೋರ್ಸು ಬಿಟ್ಟಿ ಸಿಗುತ್ತದೆ, ನಾನು ಮಾಡಿದ್ದು ಅದನ್ನೇ. ನನಗೆ ಕಿರಿಕಿರಿ ಆಗಿದ್ದು ಇಂಗ್ಲಿಷು. ಸೊಂಟ ಹಿಡಿದಾಗ ಅಮೆರಿಕದ ಧ್ವನಿಯಲ್ಲಿ ಎಡ ಮಂಡಿ ಬಲ ಮಂಡಿ ಕೇಳುವುದು ಒಂಥರಾ ಪರೀಕ್ಷೆಗೆ ಕೂತ ಹಾಗೆ. ಯೋಗನಿದ್ರೆ ಕನ್ನಡದಲ್ಲೇ ಸಿಗುತ್ತದಲ್ವಾ, ರಾತ್ರಿಗೆ ಅದೇ ಸಾಕು ಅನ್ನಿಸಿತು.

ಕೊನೆಯದು ಪೇನ್ ರೀಪ್ರೊಸೆಸಿಂಗ್. ಇದು ಕೇಳಲು ಎಲ್ಲಕ್ಕಿಂತ ವಿಚಿತ್ರ, ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದೂ ಇದೇ. ಇದು ಹೇಳುವುದು ಇಷ್ಟು: ಗಾಯ ಮಾಗಿದ ಮೇಲೂ ಮೆದುಳು ಅಪಾಯ ಅಪಾಯ ಅಂತ ಕೂಗುತ್ತಲೇ ಇರುತ್ತದೆ, ಕಳ್ಳನಿಗೆ ಬೊಗಳಬೇಕಾದ ನಾಯಿ ಹಾಲಿನವನಿಗೂ ಬೊಗಳುವ ಹಾಗೆ. ನೋವು ಸುಳ್ಳಲ್ಲ, ಎಚ್ಚರಿಕೆ ಸುಳ್ಳು. ಇದನ್ನು ಮನೆಯಲ್ಲಿ ವಿವರಿಸಿದಾಗ ನಮ್ಮತ್ತೆ "ಅಂದ್ರೆ ಇಷ್ಟು ದಿನ ನೋವು ಅಂದಿದ್ದು ನಾಟಕನೇನಮ್ಮಾ?" ಅಂದರು. ಈ ಪದ್ಧತಿಗೆ ಹೋಗುವವರು ಆ ಮಾತು ಕೇಳಿಸಿಕೊಳ್ಳಲು ತಯಾರಿರಬೇಕು.

ಅಮೆರಿಕದ ಬೋಲ್ಡರ್‌ನಲ್ಲಿ 151 ಜನರ ಮೇಲೆ ಇದರ ಅಧ್ಯಯನ ನಡೆದು 2021ರಲ್ಲಿ ಪ್ರಕಟವಾಯಿತು. ನಾಲ್ಕು ವಾರದ ಚಿಕಿತ್ಸೆ ಮುಗಿದಾಗ ಈ ಗುಂಪಿನ 66 ಶೇಕಡಾ ಜನಕ್ಕೆ ನೋವು ಇಲ್ಲ ಅಥವಾ ಇಲ್ಲದಷ್ಟೇ. ಔಷಧಿಯಿಲ್ಲದ ಬರೀ ಉಪ್ಪುನೀರು ಅಂತ ಹೇಳಿಯೇ ಕೊಟ್ಟ ಇಂಜೆಕ್ಷನ್ ತೆಗೆದುಕೊಂಡವರಲ್ಲಿ 20, ಮಾಮೂಲಿ ಚಿಕಿತ್ಸೆಯವರಲ್ಲಿ 10. ದೊಡ್ಡ ಸಂಖ್ಯೆ. ಆದರೆ ಅವರೆಲ್ಲ ಹೆಚ್ಚಾಗಿ ಓದಿದವರು, ನೋವು ವಿಪರೀತ ಇದ್ದವರಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆನ್‌ಲೈನ್‌ನಲ್ಲಿ ಒಬ್ಬ ಕೌನ್ಸೆಲರ್ ಮಾಡಿಸಿದ ಮೊದಲ ಕೆಲಸ, ನೋವಿಗೆ ಡಿಸ್ಕ್ ಕಾರಣ ಅಲ್ಲ ಅನ್ನುವುದಕ್ಕೆ ಸಾಕ್ಷಿ ಹುಡುಕುವುದು. ಆಫೀಸಿನ ಕುರ್ಚಿಯಲ್ಲಿ ಅರ್ಧ ಗಂಟೆಗೆ ಹಿಡಿಯುವ ಸೊಂಟ, ಕಸಿನ್ ಮದುವೆಗೆ ಧರ್ಮಸ್ಥಳಕ್ಕೆ ಕೆಂಪು ಬಸ್ಸಿನಲ್ಲಿ ಹಾಡಿಕೊಂಡು ಹೋದಾಗ ಯಾಕೆ ಹಿಡಿಯಲಿಲ್ಲ? ಶಿರಾಡಿ ಘಾಟಿಯ ಕುಲುಕಾಟಕ್ಕೂ ಅಲುಗದ ಡಿಸ್ಕು ಕುರ್ಚಿಗೆ ಅಲುಗುತ್ತದಾ? ಇನ್ನೊಂದು ಸಾಕ್ಷಿ: ನೋವೇ ಇಲ್ಲದವರ ಸ್ಕ್ಯಾನುಗಳನ್ನು ಒಟ್ಟು ಮಾಡಿ ನೋಡಿದ 2015ರ ವಿಮರ್ಶೆಯಲ್ಲಿ, 20 ವರ್ಷದವರಲ್ಲೇ 30 ಶೇಕಡಾ, 50 ವರ್ಷದವರಲ್ಲಿ 60 ಶೇಕಡಾ ಜನಕ್ಕೆ ಡಿಸ್ಕ್ ಉಬ್ಬಿತ್ತು. ಅದನ್ನು ಓದಿದ ದಿನ ನನ್ನ ಎಂಆರ್‌ಐ ಕವರನ್ನು ಬೀರುವಿನ ಮೇಲಿಟ್ಟೆ, ಇನ್ನೂ ಇಳಿಸಿಲ್ಲ.

ಎರಡನೆಯದು ನೋವನ್ನು ನೋಡುವುದು, ಆದರೆ ವಿಪಸ್ಸನದ ಹಾಗಲ್ಲ. ಅಲ್ಲಿ ಒಳ್ಳೇದು ಕೆಟ್ಟದ್ದು ಅನ್ನದೆ ನೋಡಬೇಕು. ಇಲ್ಲಿ "ಇದು ಅಪಾಯ ಅಲ್ಲ, ಬೆನ್ನು ಗಟ್ಟಿಯಾಗಿದೆ" ಅಂತ ಬಾಯಿಬಿಟ್ಟು ಹೇಳಿಕೊಳ್ಳುತ್ತಾ, ಸ್ವಲ್ಪ ತಮಾಷೆಯಿಂದ ನೋಡಬೇಕು. ನೋವು ಜೋರಾಗಿದ್ದರೆ ನೋಡಲೇಬೇಡಿ, ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿ ಅನ್ನುತ್ತಾರೆ. ಅಧಿಷ್ಠಾನ ಮಾಡಿ ಬಂದವಳಿಗೆ ಇದು ಕೇಳಿ ಎಷ್ಟು ಹಾಯಾಯಿತು! ಮೂರನೆಯದು ಬಗ್ಗುವುದು. ನಾಲ್ಕು ಚುಕ್ಕಿಯ ರಂಗೋಲಿಯಿಂದ ಶುರು ಮಾಡಿದೆ. ಒಂದು ಸಾಲು ಎಳೆಯುವುದು, ನಿಲ್ಲುವುದು, ಏನೂ ಆಗಲಿಲ್ಲ ಅಂತ ಗಮನಿಸುವುದು, ಮತ್ತೆ ಬಗ್ಗುವುದು. ನೋವು ಪೂರ್ತಿ ಹೋಗಿಲ್ಲ, ವರ್ಷಾಂತ್ಯದ ಕ್ಲೋಸಿಂಗ್ ಬಂದರೆ ಹಾಜರಾಗುತ್ತದೆ. ಆದರೆ ನೀರಿನ ಕ್ಯಾನ್ ಈಗ ನಾನೇ ಎತ್ತುತ್ತೇನೆ.

ಹಾಗಾಗಿ ನೋವಿಗಿಂತ ಹೆದರಿಕೆ ಜಾಸ್ತಿ ಇರುವವರಿಗೆ, ಜಾಗ ಬದಲಿಸುವ, ರಜೆಯಲ್ಲಿ ಮಾಯವಾಗುವ ನೋವಿನವರಿಗೆ ಪೇನ್ ರೀಪ್ರೊಸೆಸಿಂಗ್. ಕಷ್ಟ ಅಂದರೆ, ನಮ್ಮಲ್ಲಿ ಗೊತ್ತಿರುವವರು ಕಡಿಮೆ. ನಿದ್ದೆ ಬಾರದಿದ್ದರೆ, ಮೈ ಬಿಗಿದಿದ್ದರೆ ಯೋಗ ಮತ್ತು ಯೋಗನಿದ್ರೆ. ವಿಪಸ್ಸನವನ್ನು ನೋವಿನ ಔಷಧಿ ಅಂದುಕೊಳ್ಳದೆ, ಅದಕ್ಕಾಗಿಯೇ ಹೋಗುವುದಾದರೆ ಹೋಗಿ. ಸಂಧಿವಾತ, ನರ ಹಾನಿ, ಕ್ಯಾನ್ಸರ್ ಹೀಗೆ ಸ್ಪಷ್ಟ ಕಾರಣ ಇರುವ ನೋವಿಗೆ "ಇದು ಸುಳ್ಳು ಎಚ್ಚರಿಕೆ" ಅನ್ನುವುದು ಸರಿಯಲ್ಲ, ಅಂಥವರಿಗೆ ಎಂಬಿಎಸ್‌ಆರ್ ಮೇಲು. ನಮ್ಮ ಚಿಕ್ಕಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್ ಇದೆ. ಅವರಿಗೆ ಇಂಗ್ಲಿಷ್ ಬಾರದು ಅಂತ ಮಲಗಿ ಮೈ ಗಮನಿಸುವ ಅಭ್ಯಾಸವನ್ನು ನಾನೇ ಕನ್ನಡದಲ್ಲಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೊಟ್ಟಿದ್ದೇನೆ, ಮಾತ್ರೆ ಮಾತ್ರ ಒಂದು ಹೊತ್ತೂ ಬಿಡಬೇಡಿ ಅಂತ ಹೇಳಿ.