ಟಿನ್‌ಟಿನ್ ಓಡಿದರೆ ಚೆನ್ನ, ಕೂತರೆ ಕಷ್ಟ

ಟಿನ್‌ಟಿನ್‌ನ ಹಳೆಯ ಅನಿಮೇಷನ್ ಸರಣಿಯನ್ನು ಪೂರ್ತಿ ನೋಡಿ ಮುಗಿಸಿದೆ. 1991–92ರಲ್ಲಿ ಫ್ರಾನ್ಸಿನ ಎಲಿಪ್ಸ್ ಮತ್ತು ಕೆನಡಾದ ನೆಲ್ವಾನಾ ಸೇರಿ ಮಾಡಿದ್ದು. ಒಟ್ಟು 39 ಕಂತು. ಟಿನ್‌ಟಿನ್ ಅಂದರೆ ಬೆಲ್ಜಿಯಂನ ಎರ್ಜೆ ಬರೆದ ಕಾಮಿಕ್ಸ್ ಪುಸ್ತಕಗಳ ಸಾಹಸಿ ಹುಡುಗ ವರದಿಗಾರ. ಜೊತೆಗೆ ಕೂತವಳು ಅಕ್ಕನ ಮಗಳು. ಅವಳು ಪುಸ್ತಕಗಳನ್ನು ಓದಿಲ್ಲ, ಓದುವ ಆಸೆಯೂ ಇದ್ದಂತಿಲ್ಲ. ನಾನು ಪುಸ್ತಕವನ್ನು ತೊಡೆ ಮೇಲೆ ಬಿಚ್ಚಿಟ್ಟುಕೊಂಡೇ ನೋಡಿದೆ. ಪತ್ರಿಕೆಗೆ ಪುಟ ಕಟ್ಟುವುದು ನನ್ನ ಹೊಟ್ಟೆಪಾಡು. ಹಾಗಾಗಿ ನನ್ನ ಮೆಚ್ಚುಗೆ, ತಕರಾರು ಎರಡೂ ಪುಟದ ಕಡೆಗೇ ವಾಲುತ್ತವೆ. ಅದನ್ನು ತಿಳಿದುಕೊಂಡೇ ಮುಂದೆ ಓದಿ.

ಸರಣಿ ಚೆನ್ನಾಗಿದೆ. ಇದರಲ್ಲಿ ಎರಡು ಮಾತಿಲ್ಲ. ಮೂಲದ ಮೇಲೆ ಇಷ್ಟು ನಿಯತ್ತು ಇಟ್ಟುಕೊಂಡ ಟೀವಿ ಅನಿಮೇಷನ್ ನಾನು ನೋಡಿದ್ದರಲ್ಲಿ ಕಡಿಮೆ. ಇದಕ್ಕೂ ಮುಂಚೆ, 1957ರಿಂದ 1964ರವರೆಗೆ, ಬೆಲ್ಜಿಯಂನ ಬೆಲ್‌ವಿಷನ್ ಕಂಪನಿ ಐದೈದು ನಿಮಿಷದ ತುಣುಕುಗಳಾಗಿ ಒಂದು ಸರಣಿ ಮಾಡಿತ್ತು. ಅದರಲ್ಲಿ ಕತೆಯನ್ನು ಕೈಗೆ ಬಂದ ಹಾಗೆ ತಿರುಚಿದ್ದರು. ಈ ಸರಣಿ ಮಾಡಿದವರು ಹಾಗೆ ಮಾಡಲಿಲ್ಲ. ಪುಸ್ತಕದ ಚೌಕಗಳನ್ನೇ ಎಷ್ಟೋ ಕಡೆ ಎತ್ತಿ ತೆರೆಗೆ ತಂದಿದ್ದಾರೆ. ನಾನು ಪುಟದ ಮೇಲೆ ಬೆರಳಿಟ್ಟು "ಇದೇ ನೋಡು" ಅಂದರೆ ಅಕ್ಕನ ಮಗಳು "ಮಾಮಾ, ಟೀವಿ ನೋಡಿ ಸುಮ್ನೆ" ಅನ್ನುತ್ತಿದ್ದಳು.

ಹಾಗೆ ಎತ್ತಿ ತರಲು ಸಾಧ್ಯವಾದದ್ದಕ್ಕೆ ಕಾರಣ ಎರ್ಜೆಯ ಗೆರೆ. ಎಲ್ಲ ಕಡೆ ಒಂದೇ ದಪ್ಪದ ಗೆರೆ, ಒಳಗೆ ಸಪಾಟು ಬಣ್ಣ. ನೆರಳು ತೋರಿಸಲು ಗೀಚಾಟವಿಲ್ಲ. ಇಂಥ ಚಿತ್ರಕ್ಕೆ ಚಲನೆ ಕೊಡುವಾಗ ಮೂಲದ ರೂಪ ಕೆಡುವುದು ಕಡಿಮೆ. ಬ್ರಷ್ಷಿನಲ್ಲಿ ಶಾಯಿ ಚೆಲ್ಲಿ ಬರೆದ ಕಾಮಿಕ್ಸ್‌ಗೆ ಈ ಸವಲತ್ತಿಲ್ಲ. ಅಲ್ಲಿ ಅನಿಮೇಷನ್ ಮಾಡುವವರು ಶಾಯಿಯ ಸೊಗಸನ್ನೆಲ್ಲ ಒರೆಸಿ ಹಾಕಿ ಶುರು ಮಾಡಬೇಕು.

ಈಗ ತಕರಾರಿಗೆ ಬರುತ್ತೇನೆ. ಟಿನ್‌ಟಿನ್ ಹುಟ್ಟಿದ್ದು 1929ರಲ್ಲಿ, ಬ್ರಸೆಲ್ಸ್‌ನ ಪತ್ರಿಕೆಯೊಂದರ ಮಕ್ಕಳ ಪುರವಣಿಯಲ್ಲಿ. ವಾರವಾರ ಬರುತ್ತಿದ್ದ ಧಾರಾವಾಹಿ ಅದು. ಮುಂದಿನ ವಾರ ಹುಡುಗರು ಮತ್ತೆ ಪುರವಣಿ ಕೇಳಬೇಕಲ್ಲ, ಅದಕ್ಕೆ ಪುಟದ ಕೊನೆಯ ಚೌಕದಲ್ಲಿ ಎರ್ಜೆ ಏನಾದರೂ ಒಂದು ಕೊಕ್ಕೆ ಹಾಕಿರುತ್ತಾನೆ. ಬಾಗಿಲ ಹಿಂದೆ ಸದ್ದು, ನೆಲದಲ್ಲಿ ಹೆಜ್ಜೆ ಗುರುತು, ಟಿನ್‌ಟಿನ್‌ನ ಅಗಲವಾದ ಕಣ್ಣು. ಪುಟ ತಿರುಗಿಸಿದರೆ ಉತ್ತರ. ಧಾರಾವಾಹಿ ಆಲ್ಬಂ ಆಗಿ, ಅಂದರೆ ಪುಸ್ತಕವಾಗಿ, ಬಂದ ಮೇಲೂ ಈ ಕೊಕ್ಕೆಗಳು ಉಳಿದುಕೊಂಡವು. ಅಂದರೆ ಕುತೂಹಲದ ಅರ್ಧ ಕೆಲಸ ಮಾಡುವುದು ಓದುವವನ ಕೈ. ಟೀವಿಯಲ್ಲಿ ಆ ಕೈಗೆ ಕೆಲಸವಿಲ್ಲ. ಸಾಮಾನ್ಯವಾಗಿ ಒಂದು ಆಲ್ಬಂಗೆ ಎರಡು ಕಂತು ಕೊಟ್ಟಿದ್ದಾರೆ. 62 ಪುಟದ ಕತೆ ಮುಕ್ಕಾಲು ಗಂಟೆಯಲ್ಲಿ ಮುಗಿಯಬೇಕು. ಲೆಕ್ಕ ಹಾಕಿ, ಪುಟಕ್ಕೆ ಮುಕ್ಕಾಲು ನಿಮಿಷವೂ ಬರುವುದಿಲ್ಲ.

ಇದರ ಪೆಟ್ಟು ಜಾಸ್ತಿ ಬಿದ್ದಿರುವುದು ಒಂದೇ ಕಂತಿಗೆ ತುರುಕಿದ ಕತೆಗಳಿಗೆ. 'ರೆಡ್ ರ‍್ಯಾಕಮ್ಸ್ ಟ್ರೆಷರ್' ಅಂಥದ್ದು. ಹಾಗೇ 'ದ ಶೂಟಿಂಗ್ ಸ್ಟಾರ್', 'ಟಿನ್‌ಟಿನ್ ಇನ್ ಅಮೆರಿಕಾ'. ಮೊದಲನೆಯದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ. ವಿಜ್ಞಾನಿ ಪ್ರೊಫೆಸರ್ ಕ್ಯಾಲ್ಕುಲಸ್ ಮೊದಲು ಕಾಣಿಸಿಕೊಳ್ಳುವ ಪುಸ್ತಕ ಅದು. ಕಿವಿ ಸರಿಯಾಗಿ ಕೇಳಿಸದ ಮನುಷ್ಯ, ಹೊರಗೆ ಹಾಕಿದಷ್ಟೂ ಒಳಗೆ ಬರುತ್ತಾನೆ. ಅವನ ತಮಾಷೆಗೆ ಪುರುಸೊತ್ತು ಬೇಕು. ಒಂದು ಸಲ ತಪ್ಪಾಗಿ ಕೇಳಿಸಿಕೊಂಡರೆ ನಗು ಬರುವುದಿಲ್ಲ, ಏಳನೇ ಸಲಕ್ಕೆ ಬರುತ್ತದೆ. ಆ ಏಳು ಸಲಕ್ಕೆ ಈ ಕಂತಿನಲ್ಲಿ ಜಾಗವೇ ಇಲ್ಲ. ನಿಧಿ ಹುಡುಕುವ ಅವಸರದಲ್ಲಿ ಮನುಷ್ಯನನ್ನು ಬಿಟ್ಟುಬಿಟ್ಟಿದ್ದಾರೆ.

ಇನ್ನೊಂದು ನಷ್ಟ ಟಿನ್‌ಟಿನ್‌ನ ನಾಯಿ ಸ್ನೋಯಿ. ಪುಸ್ತಕದಲ್ಲಿ ಅವನಿಗೆ ಮಾತಿದೆ, ಅದರಲ್ಲೂ ಮೊದಮೊದಲ ಆಲ್ಬಂಗಳಲ್ಲಿ. ಯಜಮಾನ ಸಾಹಸ ಅಂತ ಹೊರಟಾಗಲೆಲ್ಲ ಇವನು ಮೂಲೆಯಲ್ಲಿ ಗೊಣಗುತ್ತಿರುತ್ತಾನೆ. ಸರಣಿಯಲ್ಲಿ ಅವನು ಬರೀ ಬೊಗಳುತ್ತಾನೆ. ಇದು ಸರಿಯಾದ ತೀರ್ಮಾನವೇ ಇರಬಹುದು. ಮಾತು ಬರೆಯುವ ಸಣ್ಣ ಗುಳ್ಳೆಯಲ್ಲಿ ಒಪ್ಪುವ ನಾಯಿಯ ಮಾತು, ಯಾರೋ ಒಬ್ಬರ ದನಿಯಲ್ಲಿ ಕೇಳಿದರೆ ಅಸಹ್ಯವಾಗುತ್ತಿತ್ತು. ಆದರೆ ಟಿನ್‌ಟಿನ್‌ನನ್ನು ಗೇಲಿ ಮಾಡಲು ಕತೆಯೊಳಗೆ ಇದ್ದವನು ಸ್ನೋಯಿ. ಅವನ ಬಾಯಿ ಮುಚ್ಚಿದ ಮೇಲೆ ಟಿನ್‌ಟಿನ್ ಬರೀ ಒಳ್ಳೆಯ ಹುಡುಗ ಆಗಿಬಿಡುತ್ತಾನೆ. ಸ್ವಲ್ಪ ಬೋರು.

ಟಿನ್‌ಟಿನ್‌ನ ಗೆಳೆಯ, ಹಡಗಿನ ಕ್ಯಾಪ್ಟನ್ ಹ್ಯಾಡಕ್‌ನ ಕುಡಿತವನ್ನೂ ತುಸು ತಗ್ಗಿಸಿದ್ದಾರೆ. ಮಕ್ಕಳ ಕಾರ್ಯಕ್ರಮ ಅಲ್ವಾ, ಇರಲಿ. ಅವನ ಬೈಗುಳಗಳ ಕತೆ ಬೇರೆ. ಪುಟದಲ್ಲಿ ಅವು ಗುಳ್ಳೆ ತುಂಬಿ ಒಡೆಯುವ ಹಾಗೆ ಕೂತಿರುತ್ತವೆ. ಒಂದೊಂದನ್ನೇ ಸವಿಯುತ್ತಾ ಓದಬಹುದು. ಟೀವಿಯಲ್ಲಿ ಬುಳುಬುಳು ಹರಿದು ಹೋಗುತ್ತವೆ, ಯಾವುದೂ ಕೈಗೆ ಸಿಗುವುದಿಲ್ಲ.

ಆದರೆ ದನಿಯಿಂದ ಬರೀ ನಷ್ಟವೇ ಆಗಿಲ್ಲ. ಬಿಯಾಂಕಾ ಕ್ಯಾಸ್ಟಾಫಿಯೋರೆಯನ್ನೇ ತೆಗೆದುಕೊಳ್ಳಿ. ಗೂನೋನ 'ಫೌಸ್ಟ್' ಒಪೆರಾದ ಆಭರಣದ ಹಾಡನ್ನು ಹಿಡಿದು ಊರೂರು ಸುತ್ತುವ ಗಾಯಕಿ. ಪುಸ್ತಕದಲ್ಲಿ ಅವಳ ಹಾಡು ನಮಗೆ ಕೇಳಿಸುವುದಿಲ್ಲ. ಸುತ್ತಲಿನವರ ಮುಖ ನೋಡಿ ಊಹಿಸಿಕೊಳ್ಳಬೇಕು. ಇಲ್ಲಿ ಕೇಳಿಸುತ್ತದೆ. ಅವಳು ಬಾಯಿ ತೆರೆದ ಕೂಡಲೇ ಅಕ್ಕನ ಮಗಳು ಬಿದ್ದು ಬಿದ್ದು ನಕ್ಕಳು. 'ದ ಕ್ಯಾಲ್ಕುಲಸ್ ಅಫೇರ್'ನಲ್ಲೂ ಹಾಗೇ. ಕಾರಣವೇ ಗೊತ್ತಾಗದೆ ಗಾಜುಗಳು ಚೂರಾಗುವ ಕತೆ ಅದು. ಸದ್ದಿನ ಆಯುಧದ ಬಗ್ಗೆ ಬರೆದ ಕತೆಗೆ ಕೊನೆಗೂ ಸದ್ದು ಸಿಕ್ಕಿದೆ. ಇಡೀ ಸರಣಿಯಲ್ಲಿ ನನಗೆ ಜಾಸ್ತಿ ಇಷ್ಟವಾದ ಕಂತುಗಳು ಇವೇ. ಸ್ವಿಟ್ಜರ್ಲೆಂಡ್‌ನಿಂದ ಎರ್ಜೆ ಕಲ್ಪಿಸಿದ ಬೊರ್ಡೂರಿಯಾ ದೇಶದವರೆಗೆ ಬೆನ್ನಟ್ಟುವುದು, ತಪ್ಪಿಸಿಕೊಳ್ಳುವುದು, ಮತ್ತೆ ಬೆನ್ನಟ್ಟುವುದು. ಎರ್ಜೆಯ ಜನ ಓಡುತ್ತಿರುವಾಗ ಈ ಸರಣಿಗೆ ಎದುರೇ ಇಲ್ಲ.

ಚಂದ್ರನ ಮೇಲೆ ಹೋಗುವ ಎರಡು ಆಲ್ಬಂಗಳ ಕಂತುಗಳು ಪುಸ್ತಕಕ್ಕಿಂತ ಚುರುಕಾಗಿವೆ ಅಂತಲೂ ಹೇಳುತ್ತೇನೆ. ಮೊದಲನೆಯದರಲ್ಲಿ ಕ್ಯಾಲ್ಕುಲಸ್ ಅಣುಕೇಂದ್ರ ಸುತ್ತಿಸಿ ಪಾಠ ಮಾಡುವ ಪುಟಗಳನ್ನು ನಾನು ಹುಡುಗನಾಗಿದ್ದಾಗಲೂ ಹಾರಿಸುತ್ತಿದ್ದೆ. ಕತ್ತರಿ ಆಡಿಸಿದ್ದು ಒಳ್ಳೆಯದಾಯಿತು.

'ಟಿನ್‌ಟಿನ್ ಇನ್ ಟಿಬೆಟ್'ನಲ್ಲಿ ಖಳನೇ ಇಲ್ಲ. ಹಿಮ, ಕಾಣೆಯಾದ ಗೆಳೆಯ, ಯೇತಿ, ಅಷ್ಟೇ. ಆದರೂ ಅದು ನಿಲ್ಲುತ್ತದೆ, ಯಾಕೆಂದರೆ ಎಲ್ಲರೂ ಒಂದು ಕಡೆಗೆ ನಡೆಯುತ್ತಿದ್ದಾರೆ. ನಡೆಯುವುದೂ ಓಟದ ತಮ್ಮನೇ.

ಮುಗ್ಗರಿಸುವುದು 'ದ ಕ್ಯಾಸ್ಟಾಫಿಯೋರೆ ಎಮೆರಾಲ್ಡ್'ನಲ್ಲಿ. 1963ರ ಈ ಆಲ್ಬಂನಲ್ಲಿ ಯಾರೂ ಎಲ್ಲಿಗೂ ಹೋಗುವುದಿಲ್ಲ. ಹ್ಯಾಡಕ್‌ನ ಬಂಗಲೆಯ ಮೆಟ್ಟಿಲು ಒಡೆದಿದೆ. ರಿಪೇರಿಯವನು ಇವತ್ತು ಬರುತ್ತೇನೆ, ನಾಳೆ ಬರುತ್ತೇನೆ ಅನ್ನುತ್ತಲೇ ಇದ್ದಾನೆ. ಒಬ್ಬರಾದ ಮೇಲೊಬ್ಬರು ಜಾರಿ ಬೀಳುತ್ತಾರೆ. ಮಾಂಸದಂಗಡಿಗೆ ಬರಬೇಕಾದ ಫೋನು ಇಲ್ಲಿಗೆ ಬರುತ್ತದೆ. ಕಾಲು ಉಳುಕಿ ಗಾಲಿಕುರ್ಚಿ ಹಿಡಿದ ಹ್ಯಾಡಕ್, ಹೋಗು ಅಂದರೂ ಹೋಗದ ಗಾಯಕಿ, ಕಿರುಚುವ ಗಿಳಿ. ಪಚ್ಚೆ ಕಳೆದುಹೋಗುತ್ತದೆ, ಕದ್ದವರು ಯಾರೆಂದು ಗೊತ್ತಾದಾಗ ಅಲ್ಲೂ ಏನೂ ಇಲ್ಲ. ಬೇಕೆಂದೇ ಎರ್ಜೆ ಸಾಹಸವನ್ನು ಬದಿಗಿಟ್ಟು ಬರೆದ ಪುಸ್ತಕ. ಅದರ ರುಚಿಯೆಲ್ಲ ಕಾಯುವುದರಲ್ಲಿದೆ. ಸರಣಿ ಇದನ್ನೂ ಪತ್ತೇದಾರಿ ಕತೆ ಅಂದುಕೊಂಡು ದೌಡಾಯಿಸುತ್ತದೆ. ಸಂಗೀತ ಅಪಾಯ ಅಪಾಯ ಅನ್ನುತ್ತದೆ, ಅಪಾಯ ಎಲ್ಲೂ ಇಲ್ಲ. ಹಾಡಿಗೆ ಅಷ್ಟು ನಕ್ಕ ನನ್ನ ಸೋದರ ಸೊಸೆ ಎರಡನೇ ಭಾಗದಲ್ಲಿ ಮೊಬೈಲ್ ಕೈಗೆತ್ತಿಕೊಂಡಳು. "ಏನೂ ಆಗಲೇ ಇಲ್ಲವಲ್ಲ" ಅಂದಳು. ಪುಸ್ತಕ ಓದಿದವರಿಗೆ ಅದೇ ಮಾತು ಹೊಗಳಿಕೆ. ಇಲ್ಲಿ ಅದು ದೂರು.

ಎರ್ಜೆ ತೀರಿಕೊಂಡದ್ದು 1983ರಲ್ಲಿ, ಈ ಸರಣಿಯನ್ನು ನೋಡಲಿಲ್ಲ. ಆದರೆ ಕಂತುಗಳಲ್ಲಿ ಅವನಿದ್ದಾನೆ. ದಾರಿಹೋಕನಾಗಿಯೋ ಇನ್ನೇನೋ ಆಗಿ ಹಿಂದೆ ಎಲ್ಲೋ ನಿಂತಿರುತ್ತಾನೆ. ಅವನನ್ನು ಹುಡುಕುವುದೇ ನಮ್ಮಿಬ್ಬರ ಆಟವಾಯಿತು. ನನಗಿಂತ ಮೊದಲು ಅವಳಿಗೇ ಸಿಗುತ್ತಿದ್ದ.

ನೋಡುವವರಿಗೆ ಒಂದು ಮಾತು. ಸರಣಿಯ ಕ್ರಮ ಪುಸ್ತಕದ ಕ್ರಮವಲ್ಲ. ಹ್ಯಾಡಕ್ ಮೊದಲು ಸಿಗುವ 'ದ ಕ್ರ್ಯಾಬ್ ವಿತ್ ದ ಗೋಲ್ಡನ್ ಕ್ಲಾಸ್'ನಿಂದ ಶುರುವಾಗುತ್ತದೆ, ಆಮೇಲೆ ಅವನೇ ಇಲ್ಲದ ಹಳೆಯ ಕತೆಗಳು ಬರುತ್ತವೆ. ಪುಸ್ತಕಗಳಲ್ಲಿ ಮೂರನೆಯದಾದ ಅಮೆರಿಕಾ ಇಲ್ಲಿ ಕಟ್ಟಕಡೆಗೆ. ಸೋವಿಯತ್ ಮತ್ತು ಕಾಂಗೋ ಆಲ್ಬಂಗಳನ್ನು ಕೈಬಿಟ್ಟಿದ್ದಾರೆ. ಕಾಂಗೋ ಹೋದದ್ದಕ್ಕೆ ನನಗೆ ಬೇಸರವಿಲ್ಲ, ಅದರಲ್ಲಿ ಆಫ್ರಿಕದವರನ್ನು ಬರೆದ ರೀತಿ ನೋಡಲಾಗುವುದಿಲ್ಲ. ಪುಸ್ತಕ ಮುಟ್ಟದವರು ಕ್ಯಾಲ್ಕುಲಸ್ ಅಫೇರ್‌ನಿಂದ ಶುರು ಮಾಡಿ, ಆಮೇಲೆ ಚಂದ್ರ, ಆಮೇಲೆ ಟಿಬೆಟ್. ಪಚ್ಚೆಯ ಕತೆಯನ್ನು ಮಾತ್ರ ದಯವಿಟ್ಟು ಟೀವಿಯಲ್ಲಿ ಮೊದಲು ನೋಡಬೇಡಿ. ಆ ಆಲ್ಬಂ ನನ್ನ ಹತ್ತಿರ ಇದೆ, ಸದ್ಯಕ್ಕೆ ಅಕ್ಕನ ಮನೆಗೆ ಹೋಗಿದೆ, ವಾಪಸ್ ಬಂದ ಮೇಲೆ ಬೇಕಾದವರಿಗೆ ಕೊಡುತ್ತೇನೆ.