ಅಂಗಾಂಶಗಳ ಸ್ಲೈಡ್ ಪೆಟ್ಟಿಗೆ: ಕೊಳ್ಳಬಹುದು, ಲೇಬಲ್ ಮಾತ್ರ ನಂಬಬೇಡಿ

ಒಂಬತ್ತನೇ ತರಗತಿಗೆ ವಿಜ್ಞಾನ ಹೇಳುತ್ತೇನೆ. ಬೋರ್ಡಿನ ಮೇಲೆ ಅಂಗಾಂಶ (ಒಂದೇ ಕೆಲಸಕ್ಕೆ ಸೇರಿದ ಜೀವಕೋಶಗಳ ಗುಂಪು) ಬರೆದು ಬರೆದು ಸಾಕಾಗಿ, ಸೂಕ್ಷ್ಮದರ್ಶಕದಲ್ಲಿ ನೋಡುವ 12 ಸ್ಲೈಡುಗಳ ಪೆಟ್ಟಿಗೆಯನ್ನು ಆನ್‌ಲೈನಲ್ಲಿ ತರಿಸಿದೆ. ಅನುಲೇಪಕ (ಹೊದಿಕೆಯಂಥದ್ದು), ಸಂಯೋಜಕ (ಜೋಡಿಸಿ ಆಧಾರ ಕೊಡುವಂಥದ್ದು), ಸ್ನಾಯು, ನರ, ನಾಲ್ಕೂ ಬಗೆ ಇವೆ.

ಎಲ್ಲಕ್ಕಿಂತ ಚೆನ್ನಾಗಿರುವುದು ಸ್ನಾಯು. 400 ಪಟ್ಟು ದೊಡ್ಡದು ಮಾಡಿದರೆ ಕೈಕಾಲಿನ ಸ್ನಾಯುವಿನ ಅಡ್ಡಪಟ್ಟೆಗಳು ಇಳಕಲ್ ಸೀರೆಯ ಗೆರೆಗಳಷ್ಟು ಸ್ಪಷ್ಟ. ಹೃದಯದ ಸ್ನಾಯುವಿನಲ್ಲೂ ಪಟ್ಟೆ ಉಂಟು, ಆದರೆ ಎಳೆಗಳು ಕವಲೊಡೆದಿರುತ್ತವೆ. ಕರುಳಿನದಕ್ಕೆ ಪಟ್ಟೆಯೇ ಇಲ್ಲ. ನಮಗೆ ಬಂದ ಪೆಟ್ಟಿಗೆಯಲ್ಲಿ ಈ ಕೊನೆಯ ಎರಡರ ಲೇಬಲ್ ಅದಲುಬದಲು! ಕವಲು ನೋಡಿ ಕಂಡುಹಿಡಿದವಳು ಹಿಂದಿನ ಬೆಂಚಿನ ಹುಡುಗಿ, ನಾನಲ್ಲ.

ಕೊಬ್ಬಿನ ಸ್ಲೈಡ್ ಖಾಲಿ ಬಲೆಯ ಹಾಗಿದೆ. "ಕೊಬ್ಬೆಲ್ಲಿ ಮಿಸ್?" ಅಂದರು ಮಕ್ಕಳು. ಅದು ದೋಷವಲ್ಲ. ಸ್ಲೈಡ್ ಮಾಡುವಾಗ ಬಳಸುವ ಆಲ್ಕೋಹಾಲ್, ಕ್ಸೈಲೀನ್ ಎಂಬ ದ್ರಾವಕಗಳಲ್ಲಿ ಕೊಬ್ಬು ಕರಗಿಹೋಗುತ್ತದೆ, ಜೀವಕೋಶದ ಅಂಚಷ್ಟೇ ಉಳಿಯುತ್ತದೆ. ಕೊಬ್ಬಿನ ಹಾಗೆ ರಕ್ತವೂ ಸಂಯೋಜಕ ಅಂಗಾಂಶ ಅಂದರೆ ಯಾರೂ ನಂಬುತ್ತಿರಲಿಲ್ಲ. ಈಗಲೂ ಪೂರ್ತಿ ನಂಬಿಲ್ಲ ಅನ್ನಿ.

ನರದ ಸ್ಲೈಡಿಗೆ ಬಣ್ಣ ಕಮ್ಮಿ, ಮಸುಕು. ಪೆಟ್ಟಿಗೆಯ ಚಿಲಕ ವಾರಕ್ಕೇ ಕಿತ್ತುಬಂತು, ರಬ್ಬರ್ ಬ್ಯಾಂಡ್ ಹಾಕಿದ್ದೇನೆ. ಐದಕ್ಕೆ ಮೂರೂವರೆ.