ಜಡ್ಜ್ ಪರೀಕ್ಷೆ ಕೋಚಿಂಗ್: ಟ್ರಾನ್ಸ್‌ಲೇಶನ್‌ಗೆ ಫುಲ್ ಮಾರ್ಕ್ಸ್, ಬ್ಯಾನರ್‌ಗೆ ಸೊನ್ನೆ

ತೀರ್ಥಹಳ್ಳಿ ಕೋರ್ಟಲ್ಲಿ ಜೂನಿಯರ್ ಆಗಿದ್ಕೊಂಡೇ ಶನಿವಾರ ಭಾನುವಾರ ಬಸ್ ಹತ್ತಿ ಶಿವಮೊಗ್ಗಕ್ಕೆ ಹೋಗಿ ಐದು ತಿಂಗಳು ಸಿವಿಲ್ ಜಡ್ಜ್ ಕೋಚಿಂಗ್ ಮುಗಿಸ್ದೆ, ಹೆಂಗಿದೆ ಅಂತ ಕೇಳೋರು ಜಾಸ್ತಿ ಆಗಿದಾರೆ ಅದಕ್ಕೆ ಬರೀತಿದೀನಿ. ಹೆಸ್ರು ಹಾಕಲ್ಲ, ನಾಳೆ ಕೋಚಿಂಗ್ ನಡೆಸೋ ಸರ್ ಎದುರುಗಡೆಯೇ ವಕಾಲತ್ತು ಹಾಕೋ ಪ್ರಸಂಗ ಬರುತ್ತೆ ಮಾರಾಯ್ರೆ.

ಟ್ರಾನ್ಸ್‌ಲೇಶನ್ ಕ್ಲಾಸ್ ಮಾತ್ರ ಸೂಪರ್. ಮೇನ್ಸಲ್ಲಿ, ಅಂದ್ರೆ ಮುಖ್ಯ ಪರೀಕ್ಷೆಲಿ, ತಲಾ 100 ಮಾರ್ಕ್ಸಿನ ನಾಲ್ಕು ಪೇಪರು, ಅದ್ರಲ್ಲೊಂದು ಪೂರ್ತಿ ಅನುವಾದವೇ. ಕನ್ನಡ ಮೀಡಿಯಂನೋರಿಗೆ ಇದೆಂತ ಕಷ್ಟ ಅಂತ ಜಂಬದಲ್ಲಿ ಹೋದೆ, ಮೊದಲ ದಿನವೇ ಒಂದು ಹಳೇ ಪಾಟೀಸವಾಲು (ಎದುರು ಪಕ್ಷದ ವಕೀಲರು ಸಾಕ್ಷಿಗೆ ಕೇಳೋ ಪ್ರಶ್ನೆ) ಕೊಟ್ರು, 'ಸದರಿ ಸ್ವತ್ತು' (ಮೇಲೆ ಹೇಳಿದ ಆಸ್ತಿ), 'ಚಕ್ಕುಬಂದಿ' (ಜಾಗದ ನಾಲ್ಕು ಕಡೆ ಗಡಿ) ಇವನ್ನ ಇಂಗ್ಲಿಷಿಗೆ ತರೋಷ್ಟ್ರಲ್ಲಿ ಬೆವರಿಳೀತು. ಕಲಿಸೋರು ರಿಟೈರ್ಡ್ ಶಿರಸ್ತೇದಾರ್ರು, ಒಂದೊಂದು ಪದಕ್ಕೂ ಒಂದೊಂದು ಕೇಸಿನ ಕಥೆ. ಅಡಿಕೆ ತೋಟದ ಪಾಲಿನ ದಾವೆ ಇಟ್ಕೊಂಡು ಇಶ್ಯೂಸ್ (ಕೋರ್ಟು ತೀರ್ಮಾನಿಸ್ಬೇಕಾದ ಪ್ರಶ್ನೆಗಳು) ಫ್ರೇಮ್ ಮಾಡಿಸಿದ್ದು ಇನ್ನೂ ನೆನಪಿದೆ.

ಕ್ರಿಮಿನಲ್ ನೋಟ್ಸ್ ಕೇಳ್ಬೇಡಿ. ಹೊಸ ಕಾನೂನು 2024 ಜುಲೈ 1ರಿಂದಲೇ ಬಂದಿದೆ, ಇವ್ರ ಜೆರಾಕ್ಸಲ್ಲಿ ಕೊಲೆ ಇನ್ನೂ ಹಳೇ ಐಪಿಸಿ ಸೆಕ್ಷನ್ 302, ಅದೀಗ ಬಿಎನ್ಎಸ್ (ಭಾರತೀಯ ನ್ಯಾಯ ಸಂಹಿತೆ) 103 ಅಲ್ವಾ!

ನನ್ನ ಸಿಟ್ಟು ಇರೋದು ಬ್ಯಾನರ್ ಮೇಲೆ, 'ಇಂದಿನ ವಿದ್ಯಾರ್ಥಿ ನಾಳಿನ ಹೈಕೋರ್ಟ್ ನ್ಯಾಯಮೂರ್ತಿ' ಅಂತೆ. ಈ ಪರೀಕ್ಷೆ ಪಾಸಾದ್ರೆ ಸಿಗೋದು ಕೆಳಗಿನ ಮೆಟ್ಲು, ಆಮೇಲೆ ಸೀನಿಯರ್ ಸಿವಿಲ್ ಜಡ್ಜು, ಆಮೇಲೆ ಜಿಲ್ಲಾ ನ್ಯಾಯಾಧೀಶ, ಊರೂರು ಟ್ರಾನ್ಸ್‌ಫರ್ ಸುತ್ತಿ ಅಲ್ಲಿಗೆ ಮುಟ್ಟೋಷ್ಟ್ರಲ್ಲಿ ತಲೆ ಬೆಳ್ಳಗಾಗಿರುತ್ತೆ, ಅಲ್ಲಿಂದ ಮೇಲಕ್ಕೆ ಪರೀಕ್ಷೆನೇ ಇಲ್ಲ, ಕೊಲಿಜಿಯಂ (ಹಿರಿಯ ನ್ಯಾಯಮೂರ್ತಿಗಳ ಆಯ್ಕೆ ಮಂಡಳಿ) ಹೆಸ್ರು ಕಳಿಸ್ಬೇಕು. ಹೈಕೋರ್ಟಲ್ಲಿ ರಿಟೈರ್ಮೆಂಟ್ 62ಕ್ಕೆ, ಹಂಗಾಗಿ ಕೆಳಗಿಂದ ಹತ್ತಿ ಹೋದೋರಿಗೆ ಅಲ್ಲಿ ಕೂರೋಕೆ ಸಿಗೋದು ಸಾಮಾನ್ಯವಾಗಿ ಕೆಲವೇ ವರ್ಷ. ಸರ್ ಮಾತೆತ್ತಿದ್ರೆ ನಮ್ಮ ತಾಲೂಕಿನ ಆರಗದ ರಾಮಾ ಜೋಯಿಸರನ್ನ ತೋರಿಸ್ತಾರೆ, ಅವ್ರು ವಕೀಲಿಕೆಯಿಂದ ನೇರ ಹೈಕೋರ್ಟ್ ಪೀಠಕ್ಕೆ ಹೋಗಿ ಮುಂದೆ ಪಂಜಾಬ್ ಹರಿಯಾಣದ ಚೀಫ್ ಜಸ್ಟಿಸ್ ಆದೋರು, ಆ ದಾರಿನೇ ಬೇರೆ ಸ್ವಾಮಿ. ಅದಕ್ಕೂ ಕನಿಷ್ಠ 10 ವರ್ಷ ವಕೀಲಿಕೆ ಬೇಕು, ಕೋಚಿಂಗ್ ಫೀಸಲ್ಲ.

ಇನ್ನೊಂದು, ನಮ್ಮ ಬ್ಯಾಚಲ್ಲಿ ಅರ್ಧಕ್ಕರ್ಧ ಫೈನಲ್ ಇಯರ್ ಎಲ್ಎಲ್‌ಬಿ ಹುಡುಗ್ರು. 2025 ಮೇ 20ಕ್ಕೆ ಸುಪ್ರೀಂ ಕೋರ್ಟು ಈ ಪರೀಕ್ಷೆ ಬರೆಯೋಕೆ ಮೂರು ವರ್ಷ ವಕೀಲರಾಗಿ ಪ್ರಾಕ್ಟೀಸ್ ಕಡ್ಡಾಯ ಅಂತ ಹೇಳಿ ಆಗಿತ್ತು, ಅದಾದ್ಮೇಲೂ ಅವ್ರ ಹತ್ರ ಪೂರ್ತಿ ಫೀಸ್ ತಗೊಂಡ್ರು, ಒಬ್ಬರಿಗೂ ಬಾಯಿಬಿಟ್ಟು ಹೇಳ್ಲಿಲ್ಲ. ಕೇಳಿದ್ರೆ 'ಈಗ್ಲೇ ಓದಿಟ್ರೆ ಒಳ್ಳೇದಲ್ವಾ' ಅಂತಾರೆ. ಮೂರು ವರ್ಷಕ್ಕೆ ನೋಟ್ಸ್ ಗೆದ್ದಲು ತಿಂದಿರುತ್ತೆ.

ಸೇರೋದಾದ್ರೆ ಟ್ರಾನ್ಸ್‌ಲೇಶನ್ನು, ಜಡ್ಜ್‌ಮೆಂಟ್ ರೈಟಿಂಗಿಗೆ ಮಾತ್ರ ದುಡ್ಡು ಕಟ್ಟಿ, ಕೇಳಿದ್ರೆ ಅವೆರಡಕ್ಕೇ ಬೇರೆ ರೇಟ್ ಹೇಳ್ತಾರೆ. ಮಳೆಗಾಲದ ಬ್ಯಾಚಾದ್ರೆ ಒಂದು ಟಾರ್ಚೂ ಇರ್ಲಿ, ಯುಪಿಎಸ್ ಇಲ್ಲ.